ಕಂದು ಕಡಿದ ಕೈ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿರುವ ನಮ್ಮ ಮನೆಗೆ ಮುಂದಿನ ಜಾಗಕ್ಕಿಂತ ಹಿಂದಿನ ಜಾಗ ದೊಡ್ಡದು. ನಾನು ಮದುವೆಯಾಗಿ ಬಂದಾಗಲೇ ಆ ಹಿತ್ತಿಲಲ್ಲಿ ಬಾಳೆ ಇತ್ತು. ಅತ್ತೆ ತಮ್ಮ ತವರು ಕುರುಗೋಡಿನಿಂದ ತಂದು ನೆಟ್ಟ ಒಂದೇ ಒಂದು ಸುಗಂಧಿ ಬಾಳೆ ಮರಿ ಹಾಕಿ, ಮರಿಗೆ ಮರಿ ಹಾಕಿ, ಬಚ್ಚಲಿನ ನೀರು ಹರಿದ ಕಡೆಗೆಲ್ಲ ಹಬ್ಬಿ ಕಾಡಾಗಿತ್ತು. ಒಣಗಿದ ಎಲೆಗಳು ಹರಿದ ಸೀರೆಯ ಹಾಗೆ ಜೋತು ಬಿದ್ದಿರುತ್ತಿದ್ದವು. ಅದರೊಳಗೆ ಚೆಂಡು ಬಿದ್ದರೆ ಪಕ್ಕದ ಮನೆಯವರು ಹುಡುಕಲೂ ಬರುತ್ತಿರಲಿಲ್ಲ. ಎಂದೋ ಒಮ್ಮೆ ಗೊನೆ ಬಿಟ್ಟರೆ, ಸಿಪ್ಪೆ ಸುಲಿದ ಮೇಲೆ ತಿನ್ನಲು ಏನೂ ಉಳಿಯದ ಪುಟ್ಟ ಕಾಯಿ. ಆದರೂ ಅದಕ್ಕೆ ಯಾರೂ ಕುಡುಗೋಲು ಮುಟ್ಟಿಸಿರಲಿಲ್ಲ. ಅತ್ತೆ ಬಿಡುತ್ತಿರಲಿಲ್ಲ.

"ಬಾಳಿ ಅಂದ್ರ ಮನಿ ಸಂತಾನ ಇದ್ದಂಗ. ಬೆಳೀತೈತಿ, ಬೆಳೀಲಿ ಬಿಡು," ಎನ್ನುತ್ತಿದ್ದರು.

ನಮಗೆ ಮಕ್ಕಳಾಗಲಿಲ್ಲ. ಆಸ್ಪತ್ರೆಗಳಿಗೆ ಅಲೆದೆವು, ಹರಕೆ ಹೊತ್ತೆವು. ಕೊನೆಗೆ ಒಂದು ಸಂಜೆ ನಾನೂ ನಮ್ಮ ಮನೆಯವರೂ ಕೂತು ಮಾತಾಡಿ, ಇನ್ನು ಸಾಕು ಎಂದುಕೊಂಡೆವು. ಆ ಮಾತು ಬಾಯಿಂದ ಬಂದ ಮೇಲೆ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಎಷ್ಟೋ ವರ್ಷಗಳ ನಂತರ ಆವತ್ತು ಹೊಟ್ಟೆ ತುಂಬ ಉಂಡು ಮಲಗಿದೆ.

ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ಟು. ಹೊರಗಿನ ಓಡಾಟವೆಲ್ಲ ಮನೆಯವರದು, ಕಟಿಂಗ್ ನನ್ನದು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಸುಣ್ಣದ ಗೀಟಿನ ಮೇಲೆ ಮಷಿನ್ ಓಡಿಸುತ್ತೇನೆ. ಒಂದು ಗೀಟು ತಪ್ಪಿದರೆ ಅಷ್ಟೂ ಪ್ಯಾಂಟು ಹಾಳು. ಈ ಕೆಲಸದಲ್ಲಿ ನನ್ನ ಕೈ ಚಲೋ ಎಂದು ಊರಲ್ಲಿ ನಾಲ್ಕು ಜನ ಹೇಳುತ್ತಾರೆ. ಆದರೆ ಮನೆಗಳಲ್ಲಿ ಶುಭಕಾರ್ಯ ನಡೆದಾಗ ಅದೇ ಕೈಯ ಲೆಕ್ಕ ಬೇರೆಯಾಗುತ್ತಿತ್ತು.

ಕುರುಗೋಡಿನಲ್ಲಿ ಅತ್ತೆಯ ತಮ್ಮನ ಸೊಸೆಗೆ ಸೀಮಂತ. ನಾನೂ ಅತ್ತೆಯೂ ಬೆಳಗಿನ ಬಸ್ಸಿಗೇ ಹೋದೆವು. ಬಳ್ಳಾರಿಯ ಮಾರ್ಕೆಟ್ಟಿನಲ್ಲಿ ನಾನೇ ಆರಿಸಿ ತಂದ ಬಾಳೆಹಣ್ಣು, ಎಲೆ, ಅಡಿಕೆ, ಕುಬಸದ ಖಣ ತಟ್ಟೆಯಲ್ಲಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಸುರಿಯ ಉಡಿ ತುಂಬುತ್ತಿದ್ದರು. ನನ್ನ ಸರದಿ ಬಂತೆಂದು ತಟ್ಟೆ ಹಿಡಿದು ಎದ್ದೆ. ಅತ್ತೆಯ ಅಕ್ಕ, ನಾವೆಲ್ಲ ದೊಡ್ಡವ್ವ ಎನ್ನುವವರು, ಹತ್ತಿರ ಬಂದು ತಟ್ಟೆಯ ಇನ್ನೊಂದು ಅಂಚು ಹಿಡಿದರು.

"ನೀ ಅಡಗಿ ಕಡಿ ನೋಡವ್ವ. ಪಾಯಸ ತಳ ಹತ್ತಾಕತ್ತೈತಿ," ಎಂದರು. ದನಿ ಏರಿಸಲಿಲ್ಲ. ತಟ್ಟೆ ಮಾತ್ರ ನನ್ನ ಕೈಯಿಂದ ಅವರ ಕೈಗೆ ಹೋಯಿತು.

ಅಡುಗೆಮನೆಗೆ ಹೋದೆ. ಒಲೆ ಆರಿತ್ತು. ಪಾಯಸ ಇಳಿಸಿ, ಮುಚ್ಚಿ, ಮೂಲೆಯಲ್ಲಿಟ್ಟು ಎಷ್ಟೋ ಹೊತ್ತಾಗಿತ್ತು. ಆರಿದ ಒಲೆಯ ಮುಂದೆ ನಿಂತು, ಹೊರಗೆ ಅವರು ಹಾಡುತ್ತಿದ್ದ ಸೋಬಾನೆ ಪದ ಮುಗಿಯುವವರೆಗೆ ಸೌಟು ಹಿಡಿದುಕೊಂಡಿದ್ದೆ. ಬಾಗಿಲಿನಿಂದ ಅತ್ತೆ ಕಾಣುತ್ತಿದ್ದರು. ಅವರು ಎಲ್ಲ ನೋಡಿದ್ದರು. ಏನೂ ಅನ್ನದೆ ತಲೆ ತಗ್ಗಿಸಿ, ಸೆರಗಿನ ಅಂಚು ಸರಿಮಾಡಿಕೊಳ್ಳುತ್ತ ಕೂತಿದ್ದರು. ಮನೆಗೆ ಬಂದು ಹಿತ್ತಿಲಿಗೆ ಹೋದರೆ ಬಾಳೆಯ ಕಾಡು ಎದುರಿಗೆ ನಿಂತಿತ್ತು, ಉಡಿ ತುಂಬಲು ಒಂದು ಹಣ್ಣೂ ಕೊಡದ ಕಾಡು.

ಮರುದಿನ ಬೆಳಿಗ್ಗೆ ಸಿರುಗುಪ್ಪಕ್ಕೆ ಫೋನ್ ಮಾಡಿದೆ. ನನ್ನ ತವರು ಅಲ್ಲಿ. ಅಪ್ಪನಿಗೆ ಹೊಳೆಯ ಕಡೆ ಭತ್ತದ ಗದ್ದೆ, ಗದ್ದೆಯ ಬದುವಿನುದ್ದಕ್ಕೂ ಬಾಳೆ. ಚಿಕ್ಕವಳಿದ್ದಾಗ ಅವರ ಹಿಂದೆ ಸುತ್ತಿ ಎಲ್ಲ ನೋಡಿದ್ದೆ, ಮಾಡಿದ್ದು ಕಡಿಮೆ.

"ಅಪ್ಪಾ, ಈ ಮನಿ ಬಾಳಿ ಹದಕ್ಕ ತರಬೇಕು. ಹ್ಯಾಂಗ ಶುರು ಮಾಡ್ಲಿ?"

"ಎಷ್ಟು ಗಿಡ ಅದಾವ?"

"ಎಣಿಸಾಕ ಆಗಂಗಿಲ್ಲ."

"ಹಂಗಿದ್ರ ಅದು ಬಾಳಿ ಅಲ್ಲವಾ, ಕಂಟಿ," ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು. "ಒಂದು ತಾಯಿ, ಒಂದು ಮಗಳು, ಒಂದು ಮೊಮ್ಮಗಳು. ಒಂದು ಬುಡಕ್ಕ ಅಷ್ಟ ಇರಬೇಕು. ಉಳಿದ ಪಿಲಕ ಎಲ್ಲಾ ತೆಗಿ. ಕತ್ತಿಯಂಗ ಸಣ್ಣ ಎಲಿ ಇರೋ ಮರಿ ಇಟ್ಕೊ. ಹುಟ್ತಲೇ ಅಗಲ ಎಲಿ ಬಿಟ್ಟು ಮೆರೀತಾವಲ್ಲ, ಅವನ್ನ ನಂಬಬ್ಯಾಡ. ಅವು ಬರೇ ನೀರು ಕುಡಿಯೋವು." ಸಿರುಗುಪ್ಪದ ಕಡೆ ತೆಲುಗಿನವರ ಹಾಗೆಯೇ ಬಾಳೆಯ ಮರಿಗೆ, ಅಂದರೆ ಕಂದಿಗೆ, ಪಿಲಕ ಎನ್ನುತ್ತಾರೆ.

ಮನೆಯವರ ಹಳೆಯ ಜೀನ್ಸ್ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡೆ. ಬಾಳೆಯ ರಸ ಬಟ್ಟೆಗೆ ತಾಗಿದರೆ ಆ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಮೊದಲು ಒಣ ಎಲೆಗಳನ್ನೆಲ್ಲ ಬುಡಕ್ಕೆ ಕೊಯ್ದು ಎಳೆದು ಹಾಕಿದೆ. ಒಳಗೆ ಬೆಳಕು ಬಿದ್ದಾಗ ಗೊತ್ತಾಯಿತು, ಅಲ್ಲಿ ಎಷ್ಟು ಗಿಡ ನಿಂತಲ್ಲೇ ಕೊಳೆತಿದ್ದವೆಂದು. ಕೈ ಇಟ್ಟರೆ ಮೆತ್ತಗೆ ಕುಸಿಯುತ್ತಿದ್ದವು. ಅವನ್ನು ಕಿತ್ತೊಗೆದು, ಮರಿಗಳ ಮೇಲೆ ಕುಡುಗೋಲು ಹಾಕುವ ಹೊತ್ತಿಗೆ ಅತ್ತೆ ಹಿತ್ತಿಲ ಬಾಗಿಲಿಗೆ ಬಂದರು.

"ಏನ್ ಮಾಡಾಕತ್ತೀಯವ್ವ?"

"ಮರಿ ತೆಗ್ಯಾಕತ್ತೀನ್ರೀ ಅತ್ತಿ."

"ಕೂಸಿನ ಮ್ಯಾಲ ಕುಡುಗೋಲು ಹಾಕತಾರೇನ?"

"ತೆಗೀಲಿಲ್ಲಾಂದ್ರ ತಾಯಿನೂ ಉಳಿಯಂಗಿಲ್ಲ, ಕೂಸೂ ಉಳಿಯಂಗಿಲ್ಲ. ನೀವ ನೋಡ್ರಿ, ಒಳಗ ಹ್ಯಾಂಗ ಕೊಳತಾವ."

ಅವರು ನೋಡಲಿಲ್ಲ. ನನ್ನ ಕೈಯಲ್ಲಿದ್ದ ಕುಡುಗೋಲನ್ನೇ ನೋಡುತ್ತಿದ್ದರು. "ಹೆತ್ತ ಸಂಕಟ ಗೊತ್ತಿದ್ದಾಕಿ ಆಗಿದ್ರ ನಿನಗ ಕೈ ಬರ್ತಿದ್ದಿಲ್ಲ," ಎಂದರು.

ಅಂದ ಮೇಲೆ ಅವರ ಮುಖವೇ ಬಿಳಿಚಿಕೊಂಡಿತು. ಇಷ್ಟು ವರ್ಷಗಳಲ್ಲಿ ಊರವರು ಅಂದಿದ್ದರು, ನೆಂಟರು ಅಂದಿದ್ದರು. ಅತ್ತೆ ಎಂದೂ ಅಂದವರಲ್ಲ. ಆದರೆ ಆವತ್ತು ನಾನು ಒಳಗೆ ಓಡಿಹೋಗಲಿಲ್ಲ. "ಇದು ನಾ ಹಿಡಿದ ಕೆಲಸ ಅತ್ತಿ. ನಾ ಮುಗಸ್ತೀನ್ರಿ," ಎಂದು ಬಗ್ಗಿ ಮುಂದಿನ ಮರಿಗೆ ಕೈ ಹಾಕಿದೆ. ಮಧ್ಯಾಹ್ನದವರೆಗೆ ಕಡಿದೆ. ಮೇಲೆ ಕಡಿದರಷ್ಟೇ ಸಾಲದು, ಮತ್ತೆ ಸುಳಿ ಏಳುತ್ತದೆ. ಬುಡದ ನಡುವಿನ ಗಡ್ಡೆಯನ್ನೂ ಚಾಕುವಿನ ಮೊನೆಯಿಂದ ತೋಡಿ ತೆಗೆಯಬೇಕು. ಒಂದೊಂದನ್ನೂ ತೋಡಿ ತೆಗೆದೆ; ಕೆಲವು ಬೇರು ಸಮೇತವೇ ಕಿತ್ತು ಬಂದವು. ಕೈಗಳು ಕಪ್ಪಾದವು.

ಮರುದಿನ ಮುಂಜಾನೆ ಹೋಗಿ ನೋಡಿದರೆ ನಾನು ಗೋಡೆಯ ಪಕ್ಕ ಎಸೆದಿದ್ದ ಮರಿಗಳ ರಾಶಿ ಅಲ್ಲಿರಲಿಲ್ಲ. ನೀರಿನ ತೊಟ್ಟಿಯ ನೆರಳಿನಲ್ಲಿ ಒದ್ದೆ ಗೋಣಿಚೀಲ ಹೊದೆಸಿದ ಒಂದಿಷ್ಟು ಕಂದುಗಳಿದ್ದವು. ಅತ್ತೆ ಅಲ್ಲೇ ಕೂತಿದ್ದರು.

"ಬೇರು ಇರೋವನ್ನ ಬ್ಯಾರೆ ಇಟ್ಟೀನಿ," ಎಂದರು, ನನ್ನ ಕಡೆ ನೋಡದೆ. "ತೆಗೀತೀ ಅಂದ್ರ ಬೇರು ಸಮೇತ ತೆಗಿ. ಒಗೀಬ್ಯಾಡ. ಯಾರ ಮನ್ಯಾಗರ ಬದುಕ್ತಾವ."

ನನಗೆ ಅದು ಹೊಳೆದೇ ಇರಲಿಲ್ಲ. ಅಂದಿನಿಂದ ಕುಡುಗೋಲು ಬಿಟ್ಟು ಹಾರೆ ಹಿಡಿದೆ. ಒಳ್ಳೆಯ ಮರಿಗಳನ್ನು ಪಕ್ಕದಿಂದ ಅಗೆದು, ತಾಯಿಗೆ ಪೆಟ್ಟಾಗದ ಹಾಗೆ ಗಡ್ಡೆ ಸಮೇತ ಬಿಡಿಸುತ್ತಿದ್ದೆ. ಅತ್ತೆ ಅವಕ್ಕೆ ಗೋಣಿ ಸುತ್ತುತ್ತಿದ್ದರು. ಕೊಳಗಲ್ಲಿನಿಂದ ಹಾಲು ತರುವ ಹೆಂಗಸು ಮೊದಲ ಕಂದುಗಳನ್ನು ಒಯ್ದಳು. ಬರುವಾಗ ಚೀಲ ಚೀಲ ಹಳೆಯ ಗೊಬ್ಬರ ತಂದುಕೊಟ್ಟಳು. ಅತ್ತೆಗೂ ನನಗೂ ನಡುವೆ ಮಾತು ಮಾತ್ರ ಅಗತ್ಯಕ್ಕೆ ಬೇಕಾದಷ್ಟೇ. ಉಪ್ಪು ಎಲ್ಲೈತಿ, ನಳ ಬಂತೇನು, ಅಷ್ಟೇ. ಇದನ್ನು ಕಂಡ ನಮ್ಮ ಮನೆಯವರು ಒಂದು ರಾತ್ರಿ ಊಟದ ಹೊತ್ತಿನಲ್ಲಿ, "ನೀವಿಬ್ರೂ ಜಗಳಾ ಮಾಡಿದ್ರ ಮನಿ ಇಷ್ಟು ಸುಮ್ಕ ಇರಂಗಿಲ್ಲ, ಏನಾಗೇತಿ?" ಎಂದು ಕೇಳಿದರು. ಅತ್ತೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಹಿತ್ತಿಲಲ್ಲಿ ಈಗ ನಾಲ್ಕು ಬುಡ ಉಳಿದವು. ಒಂದೊಂದರ ಸುತ್ತ ಅಗಲ ಪಾತಿ ಮಾಡಿ, ಗೊಬ್ಬರ, ಒಲೆಯ ಬೂದಿ ಹಾಕಿ, ನಾನೇ ಕೊಯ್ದ ಒಣ ಎಲೆಗಳನ್ನು ಮೇಲೆ ಹಾಸಿದೆ. ಬಳ್ಳಾರಿಯ ಬಿಸಿಲಿಗೆ ಮಣ್ಣನ್ನು ಬರಿಮೈಲಿ ಬಿಡಬಾರದು. ನಮ್ಮ ಬೋರಿನ ನೀರು ಉಪ್ಪು; ಅದನ್ನು ಕುಡಿದರೆ ಎಲೆಯ ಅಂಚು ಸುಡುತ್ತದೆ. ಹಾಗಾಗಿ ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ನಳ ಬಂದ ದಿನ ತುಂಬಿ ಉಳಿದ ನೀರು, ಎಲ್ಲ ಪಾತಿಗೇ. ಬೆಳಿಗ್ಗೆ ಯೂನಿಟ್ಟಿಗೆ ಹೋಗುವ ಮುಂಚೆ ಒಂದು ಸುತ್ತು, ಸಂಜೆ ಬಂದ ಮೇಲೆ ಒಂದು ಸುತ್ತು. ತಾಯಿಯ ಬುಡದಲ್ಲಿ ಬೇಡದ ಕಂದು ಮೂತಿ ತೋರಿಸಿದರೆ ಅಂದೇ ತೆಗೆಯುತ್ತಿದ್ದೆ. ಗಿಡಗಳ ಕಾಂಡ ಮೊದಲು ನನ್ನ ತೋಳಿನಷ್ಟಿದ್ದದ್ದು, ಮಳೆಗಾಲ ಕಳೆಯುವಷ್ಟರಲ್ಲಿ ತಬ್ಬಿ ಹಿಡಿಯುವಷ್ಟು ದಪ್ಪವಾಯಿತು. ಎಲೆ ಬಿಚ್ಚಿದರೆ ಮದುವೆಯ ಊಟಕ್ಕೆ ಹಾಸಬಹುದು, ಅಷ್ಟು ಅಗಲ.

ಚಳಿ ಮುಗಿಯುವ ಹೊತ್ತಿಗೆ ನಡುವಿನ ಬುಡದ ತಾಯಿ ಹೂ ಹಾಕಿತು. ಅದನ್ನು ಮೊದಲು ನೋಡಿದ್ದು ಅತ್ತೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. "ಏ, ಬಾರವ್ವಾ ಇಲ್ಲಿ! ಲಗೂನ ಬಾ!" ಎಂದು ಕೂಗಿದರು. ತಿಂಗಳುಗಳ ನಂತರ ಅವರ ದನಿಯಲ್ಲಿ ಆ ಗೆಲುವು ಕೇಳಿ, ಹೆಂಚಿನ ಮೇಲಿನ ರೊಟ್ಟಿ ಮರೆತು ಓಡಿದೆ. ಕೆನ್ನೀಲಿ ಬಣ್ಣದ ದಪ್ಪ ಮೊಗ್ಗು ಎಲೆಗಳ ನಡುವಿನಿಂದ ಕತ್ತು ಬಾಗಿಸಿತ್ತು. ಒಂದೊಂದೇ ಪಕಳೆ ಎದ್ದು, ಕೆಳಗಿನ ಚಿಪ್ಪುಗಳು ಕಾಣುತ್ತ ಹೋದವು. ಇನ್ನು ಕಾಯಿ ಕಟ್ಟುವುದಿಲ್ಲ ಎಂದಾದ ಮೇಲೆ ತುದಿಯ ಹೂವನ್ನು ಕೊಯ್ದೆ. ಅತ್ತೆ ಅದನ್ನು ಮಜ್ಜಿಗೆಯಲ್ಲಿ ನೆನೆಸಿ, ಕಡಲೆಬೇಳೆ ಹಾಕಿ ಪಲ್ಯ ಮಾಡಿದರು.

ಬಿಸಿಲಿಗೆ ಕಾಯಿ ಸುಡದಿರಲಿ, ಬಾವಲಿ ಕಚ್ಚದಿರಲಿ ಎಂದು ಗೊನೆಗೆ ಒಂದು ಚೀಲ ಹೊಲಿದೆ. ಜೀನ್ಸಿನ ಜೇಬಿನ ಒಳಗೆ ಹಾಕುವ ತೆಳು ಬಿಳಿ ಬಟ್ಟೆ ಯೂನಿಟ್ಟಿನಲ್ಲಿ ತುಂಡು ತುಂಡಾಗಿ ಉಳಿಯುತ್ತದಲ್ಲ, ಅದನ್ನೇ ಜೋಡಿಸಿದೆ. ಮನೆಯವರು ನೋಡಿ, "ಇಷ್ಟು ಚಂದ ಫಿಟ್ಟಿಂಗು ನನ್ನ ಪ್ಯಾಂಟಿಗೂ ಮಾಡಿಲ್ಲ ನೀ," ಎಂದರು.

ಗೊನೆ ಭಾರವಾದಂತೆ ಗಿಡ ಒಂದು ಕಡೆ ವಾಲತೊಡಗಿತು. ಎರಡು ಗಳಗಳನ್ನು ಕತ್ತರಿಯ ಹಾಗೆ ಕಟ್ಟಿ ಊರುಗೋಲು ಕೊಟ್ಟೆ. ಆದರೆ ಬೇಸಿಗೆಯ ಗಾಳಿಗೆ ಯಾವ ಊರುಗೋಲು ಲೆಕ್ಕ? ಒಂದು ಸಂಜೆ ಯೂನಿಟ್ಟಿನಿಂದ ಬರುತ್ತಲೇ ಆಕಾಶ ಕೆಂಪಾಯಿತು. ಧೂಳೆದ್ದು ಎದುರು ಮನೆ ಕಾಣದಂತಾಯಿತು. ಯಾರದೋ ಮನೆಯ ತಗಡು ಧಡಧಡ ಬಡಿದುಕೊಳ್ಳುತ್ತಿತ್ತು. ನಾನು ಹಿತ್ತಿಲಿಗೆ ಓಡಿದಾಗ ಒಂದು ಗಳ ಜಾರಿ ನೆಲಕ್ಕೆ ಬಿದ್ದಿತ್ತು. ಗಿಡ ಗೊನೆಯ ಭಾರಕ್ಕೆ ಬಾಗಿ ಬಾಗಿ ಏಳುತ್ತಿತ್ತು. ಇನ್ನೊಂದು ಜೋರು ಗಾಳಿ ಬೀಸಿದರೆ ಬುಡ ಸಮೇತ ಕಿತ್ತು ಬರುವುದು ಖಂಡಿತ. ನಾನೊಬ್ಬಳೇ ಗಿಡ ಹಿಡಿಯಲೋ, ಗಳ ನಿಲ್ಲಿಸಲೋ?

ಅಷ್ಟರಲ್ಲಿ ಅತ್ತೆ ಬಂದರು. ಮಂಡಿನೋವು ಎಂದು ಮೆಟ್ಟಿಲಿಳಿಯಲು ಗೋಡೆ ಹಿಡಿಯುವವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಧೂಳಿನಲ್ಲಿ ಕಣ್ಣು ಮುಚ್ಚಿಕೊಂಡೇ ಬಂದು, ಬಾಳೆಯ ಕಾಂಡವನ್ನು ಎರಡೂ ತೋಳುಗಳಿಂದ ತಬ್ಬಿ, ಬೆನ್ನು ಗೋಡೆಗೆ ಕೊಟ್ಟು ನಿಂತುಬಿಟ್ಟರು.

"ನಾ ಹಿಡಿದೀನಿ! ನೀ ಕಟ್ಟು!"

"ಅತ್ತೀ, ಬೀಳ್ತೀರಿ, ಸರೀರಿ!"

"ಬಿದ್ರ ಬೀಳ್ತೀನಿ, ನೀ ಕಟ್ಟವ್ವ ಮೊದ್ಲ!"

ಒಳಗಿನಿಂದ ಜೀನ್ಸ್ ಬಟ್ಟೆಯ ಅಂಚಿನ ಪಟ್ಟಿಗಳ ಕಟ್ಟು ತಂದೆ. ಎಷ್ಟು ಎಳೆದರೂ ಹರಿಯದ ಪಟ್ಟಿಗಳವು. ಗಳ ಎತ್ತಿ ನಿಲ್ಲಿಸಿ, ಗೊನೆಯ ಕತ್ತಿನ ಕೆಳಗೆ ಪಟ್ಟಿ ಸುತ್ತಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ, ಇನ್ನೊಂದನ್ನು ಹಿತ್ತಿಲ ಮೂಲೆಯ ಬೇವಿನ ಮರಕ್ಕೆ ಎಳೆದು ಕಟ್ಟಿದೆ. ಬಾಯಿಯಲ್ಲೆಲ್ಲ ಮಣ್ಣು. ಅತ್ತೆಯ ಬಿಳಿ ಕೂದಲು ಬಿಚ್ಚಿ ಎಲೆಗಳ ಜೊತೆ ಹಾರುತ್ತಿತ್ತು. ಕೊನೆಯ ಗಂಟು ಬಿಗಿದು "ಬಿಡ್ರಿ ಈಗ" ಎಂದಾಗಲೂ ಅವರು ಬಿಡಲಿಲ್ಲ; ಗಾಳಿ ನಿಂತು ನಾಲ್ಕು ದೊಡ್ಡ ಹನಿ ಬಿದ್ದ ಮೇಲೆಯೇ ಬಿಟ್ಟರು. ಗಿಡ ನಿಂತಿತ್ತು. ಅವರ ಸೀರೆಯ ತುಂಬ ಬಾಳೆಯ ಕಲೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗಲು ಶುರು ಮಾಡಿದೆವು. ನಗುತ್ತ ನಗುತ್ತ ಅಲ್ಲೇ ಒದ್ದೆ ನೆಲದಲ್ಲಿ ಕೂತೆವು.

ಗೊನೆ ಇಳಿಸುವ ದಿನ ಅಪ್ಪ ಸಿರುಗುಪ್ಪದಿಂದ ಬಂದರು. ನಾನು ಕಾಂಡದ ನಡುವೆ ಅರ್ಧ ಕಡಿದೆ. ಗಿಡ ಮೆಲ್ಲಗೆ ಬಗ್ಗಿತು, ಗೊನೆ ಮನೆಯವರ ಹೆಗಲಿಗೆ ಬಂದು ಕೂತಿತು. ಅವರು ಭಾರಕ್ಕೆ ಒಂದು ಹೆಜ್ಜೆ ಹಿಂದೆ ಸರಿದರು. ಚೀಲ ಬಿಚ್ಚಿದಾಗ ಒಂದು ಕಲೆಯಿಲ್ಲ, ಒಂದು ಗೀರಿಲ್ಲ. ಮೈದುಂಬಿದ ಕಾಯಿಗಳು ಒತ್ತೊತ್ತಾಗಿ ಮೇಲಿನಿಂದ ಕೆಳಗಿನವರೆಗೆ. ಅಪ್ಪ ಸುತ್ತಲೂ ತಿರುಗಿ ನೋಡಿದರು.

"ನಮ್ಮ ಹೊಳಿ ದಂಡಿ ಬಾಳಿಗಿಂತ ಜೋರೈತಿ," ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನನ್ನ ಮಗಳು ಅಂತ ಹೇಳಾಕತ್ತಿಲ್ರೀ ಬೀಗ್ತಿ, ಗೊನಿ ಹೇಳತೈತಿ," ಎಂದರು.

"ನಿಮ್ಮ ಮಗಳು ಏನು ಬಂತ್ರೀ? ನನ್ನ ಸೊಸಿ," ಎಂದರು ಅತ್ತೆ.

ಕುರುಗೋಡಿನ ಆ ಹುಡುಗಿಗೆ ಹೆಣ್ಣುಕೂಸು ಹುಟ್ಟಿತ್ತು. ಗೊನೆ ಹಣ್ಣಾಗುವ ಹೊತ್ತಿಗೇ ಕೂಸಿನ ಜವಳ ತೆಗೆಸುತ್ತೇವೆ ಬನ್ನಿ ಎಂದು ಕರೆ ಬಂತು. ನನಗೆ ಹೋಗುವ ಮನಸ್ಸಿರಲಿಲ್ಲ. ಅತ್ತೆ ನನ್ನನ್ನು ಕೇಳಲೇ ಇಲ್ಲ. ಇಡೀ ಗೊನೆಯ ಚಿಪ್ಪುಗಳನ್ನು ಬಿಡಿಸಿ ಎರಡು ಬುಟ್ಟಿಗಳಲ್ಲಿ ಜೋಡಿಸಿ, ಒಂದನ್ನು ತಾವು ಹೊತ್ತು, ಇನ್ನೊಂದನ್ನು ನನ್ನ ಮುಂದಿಟ್ಟರು. ಬಸ್ಸೆಲ್ಲ ಬಾಳೆಹಣ್ಣಿನ ವಾಸನೆ. ಹಿಂದಿನ ಸೀಟಿನಾಕೆ ಎಲ್ಲಿಯ ಹಣ್ಣೆಂದು ಕೇಳಿ ಕೇಳಿ ಒಂದು ತಿಂದೇ ಇಳಿದಳು.

ಬಸವಣ್ಣನ ಗುಡಿಯಲ್ಲಿ ಕೂದಲು ತೆಗೆಸಿ, ಕೂಸಿಗೆ ಎಣ್ಣೆ ನೀರು ಹಾಕಿ, ಮನೆಗೆ ಬಂದು ಹೆಂಗಸರು ಸುತ್ತ ಕೂತರು. ದೊಡ್ಡವ್ವ ಬುಟ್ಟಿ ನೋಡಿ, "ಭಾಳ ಚಲೋ ಅದಾವಲ್ಲ, ಕಂಪ್ಲಿ ಕಡೇವೇನು?" ಎಂದರು.

"ಕಂಪ್ಲಿದಲ್ಲ. ನಮ್ಮ ಹಿತ್ತಲದ್ದು. ಇಕಿ ಬೆಳಿಸ್ಯಾಳ," ಎಂದರು ಅತ್ತೆ.

ತಾಯಿಗೂ ಕೂಸಿಗೂ ಉಡಿ ತುಂಬುವ ಹೊತ್ತು ಬಂತು. ದೊಡ್ಡವ್ವ ರೂಢಿಯಂತೆ ಬುಟ್ಟಿಗೆ ಕೈ ಹಾಕಿದರು. ಅತ್ತೆ ಬುಟ್ಟಿಯ ಮೇಲೆ ತಮ್ಮ ಕೈಯಿಟ್ಟರು.

"ಅಕ್ಕಾ, ಬೆಳಿಸಿದಾಕಿ ಮೊದ್ಲ ಹಾಕ್ಲಿ."

ದೊಡ್ಡವ್ವ ಅತ್ತಿತ್ತ ನೋಡಿ, "ಹಂಗಲ್ಲವಾ ತಂಗಿ, ಪದ್ಧತಿ ಅಂತ ಒಂದು ಐತಲ್ಲ…" ಎಂದರು.

"ಆಕಿ ಕೈಯಾಗ ಬೆಳದ ಹಣ್ಣು ಪದ್ಧತಿಗಿ ಬರತೈತಿ, ಆಕಿ ಕೈ ಬರಂಗಿಲ್ಲೇನು?"

ಯಾರಾದರೂ ಬಾ ಎನ್ನಲಿ ಎಂದು ನಾನು ಕಾಯಲಿಲ್ಲ. ಎದ್ದೆ. ಬುಟ್ಟಿಯಿಂದ ಎಲ್ಲಕ್ಕಿಂತ ಚಂದದ ಚಿಪ್ಪು ಆರಿಸಿದೆ. ಅಷ್ಟರಲ್ಲಿ ಆ ಹುಡುಗಿ ತಾನೇ ಸೆರಗು ಅಗಲಿಸಿ ಹಿಡಿದು, "ಹಾಕ್ರಿ ಅಕ್ಕಾ," ಎಂದಳು. ಅವಳ ಉಡಿಗೆ ಇಟ್ಟೆ. ಬೋಳುತಲೆಯ ಕೂಸು ಒಂದು ಹಣ್ಣಿಗೆ ಎರಡೂ ಕೈ ಹಾಕಿ, ಸಿಪ್ಪೆ ಸಮೇತ ಬಾಯಿಗಿಟ್ಟುಕೊಂಡಿತು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಾನು ಬುಟ್ಟಿ ಹಿಡಿದು ಎಲ್ಲರಿಗೂ ಹಂಚುತ್ತ ದೊಡ್ಡವ್ವನ ಮುಂದೆ ಬಂದು ನಿಂತೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ತೆಗೆದುಕೊಂಡರು. ಸುಲಿದು ತಿಂದರು. ಇನ್ನೊಂದಕ್ಕೆ ಕೈ ಚಾಚಿದರು.

"ನಮ್ಮ ಹಿತ್ತಲಕ್ಕೂ ಒಂದು ಮರಿ ಕೊಡ್ತೀಯೇನವ್ವ?"

"ಮಳಿ ಬೀಳಲಿ, ಬರ್ರಿ ದೊಡ್ಡವ್ವ. ಕೊಡ್ತೀನಿ," ಎಂದೆ. ಹೇಳಿದ ದನಿ ನನ್ನದೇ ಎಂದು ನಂಬುವುದು ಕಷ್ಟವಾಯಿತು, ಅಷ್ಟು ನೆಟ್ಟಗಿತ್ತು.

ಸಂಜೆಯ ಬಸ್ಸಿನಲ್ಲಿ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಹಾಕಿ ಕಾಲ ಬಳಿ ಇಟ್ಟುಕೊಂಡಿದ್ದೆವು. ಊರು ದಾಟಿದ ಮೇಲೆ ಅತ್ತೆ ಕಿಟಕಿಯ ಕಡೆಯಿಂದ ತಿರುಗಿದರು.

"ಆವತ್ತು ಹಿತ್ತಲದಾಗ ನಾ ಒಂದು ಮಾತು ಅಂದೆ. ಅನ್ನಬಾರದಿತ್ತು."

ಏನಿಲ್ಲ ಬಿಡ್ರಿ ಎನ್ನಬಹುದಿತ್ತು. ಅನ್ನಲಿಲ್ಲ. "ಭಾಳ ನೋವಾತ್ರಿ ಅತ್ತಿ," ಎಂದೆ.

"ಗೊತ್ತೈತಿ," ಎಂದರು. "ಅದರ ಹಿಂದಿನ ದಿನ ಸೀಮಂತದಾಗ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅದೂ ಗೊತ್ತೈತಿ," ಎಂದು ನನ್ನ ಕೈ ಎಳೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಬಳ್ಳಾರಿಯ ಗುಡ್ಡ ಕಾಣುವವರೆಗೆ ಬಿಡಲಿಲ್ಲ.

ಆ ಮಳೆಗಾಲದಿಂದ ನಮ್ಮ ಮನೆಯ ಬಾಳೆ ಊರೂರಿಗೆ ಹೋಗಿದೆ. ಕುರುಗೋಡಿನ ಓಣಿಗೆ, ಕೊಳಗಲ್ಲಿಗೆ, ಕಂಟೋನ್ಮೆಂಟಿನ ಅಕ್ಕಪಕ್ಕದ ಹಿತ್ತಿಲುಗಳಿಗೆ. ಕಂದು ಕೊಡುವಾಗ ಅತ್ತೆ, ಒಂದು ಬುಡಕ್ಕೆ ಮೂರೇ, ನಾಲ್ಕನೆಯದು ಬೆಳೆಸಬಾರದೆಂದು ತಾವೇ ತಾಕೀತು ಮಾಡುತ್ತಾರೆ. ಹೂ ಯಾವಾಗ ಕೊಯ್ಯಬೇಕು, ಎಲೆ ಯಾಕೆ ಹಳದಿಯಾಯಿತು ಎಂದು ಹೆಂಗಸರು ನನಗೆ ಫೋನ್ ಮಾಡುತ್ತಾರೆ. ದೊಡ್ಡವ್ವನ ಫೋನೇ ಹೆಚ್ಚು. ರಜೆಯ ದಿನ ಸ್ಕೂಟಿಗೆ ಹಾರೆ ಕಟ್ಟಿಕೊಂಡು ಕರೆದವರ ಮನೆಗೆ ಹೋಗುತ್ತೇನೆ.

ಈಚೆಗೆ ಸಿರುಗುಪ್ಪಕ್ಕೆ ಹೋಗಿದ್ದೆ. ಅಪ್ಪನಿಗೆ ಈಗ ಬಗ್ಗಲು ಆಗುವುದಿಲ್ಲ. ಬದುವಿನ ಮೇಲೆ ಟವಲ್ ಹಾಸಿ ಕೂತು, ನಾನು ಅವರ ಬಾಳೆಗಳ ಬುಡ ಬಿಡಿಸುವುದನ್ನು ನೋಡುತ್ತಿದ್ದರು. ಒಂದೊಂದು ಮರಿಗೆ ಹಾರೆ ಇಟ್ಟಾಗಲೂ ಏನೋ ಹೇಳಲು ಬಾಯಿ ತೆರೆಯುವರು, ನೋಡಿ ಸುಮ್ಮನಾಗುವರು. ಬದುವಿನ ಆ ತುದಿ ಮುಟ್ಟುವ ಹೊತ್ತಿಗೆ ಅವರು ನೋಡುವುದನ್ನು ಬಿಟ್ಟು, ಟವಲ್ ಮುಖಕ್ಕೆ ಹಾಕಿಕೊಂಡು ನಿದ್ದೆ ಹೋಗಿದ್ದರು.